ಸುಣ್ಣ, ಮಸಾರಿ ಮಣ್ಣು, ಅಗಸಿ ಎಣ್ಣೆ: ಮನೆಯ ಒಳಗೆಲಸಕ್ಕೆ ಕೈಹಚ್ಚುವ ಮುನ್ನ

ಒಳಗೋಡೆಗೆ ಏನು ಬಳಿಯಬೇಕು, ನೆಲಕ್ಕೆ ಏನು ಹಾಸಬೇಕು ಎಂದು ಕೇಳುವ ಮುಂಚೆ ಎರಡು ಸಂಗತಿ ಗೊತ್ತಿರಬೇಕು: ಗೋಡೆ ಯಾವುದರಿಂದ ಕಟ್ಟಿದ್ದು, ಕೆಲಸಕ್ಕೆ ಬಳಸುವ ನೀರು ಎಲ್ಲಿಯದು. ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವ ತನಕ ಗೋಡೆ ಒಣಗುವುದೇ ಇಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆ ಮೇ ತಿಂಗಳಲ್ಲಿ ಬಳಿದದ್ದು ಗಟ್ಟಿಯಾಗುವ ಮೊದಲೇ ಒಣಗಿ ಕೈಗೆ ಪುಡಿಯಾಗಿ ಬರುತ್ತದೆ. ಒಂದೇ ಸುಣ್ಣ, ಒಂದೇ ಮಣ್ಣು, ಒಂದೇ ಗವಂಡಿ (ಗಾರೆ ಕೆಲಸದವ) ಇದ್ದರೂ ಫಲ ಬೇರೆ. ಪರಿಸರಸ್ನೇಹಿ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ನಂಬಿ ತರುವವರು ಈ ಲೆಕ್ಕವನ್ನೇ ಬಿಟ್ಟುಬಿಡುತ್ತಾರೆ.

ಹಳೆಯ ಮಣ್ಣಿನ ಗೋಡೆಯ ಮೇಲೆ ಸಿಮೆಂಟ್ ಗಿಲಾವು (ಪ್ಲಾಸ್ಟರ್) ಮಾಡಿಸುವುದು ನಮ್ಮ ಕಡೆ ಎಲ್ಲರೂ ಮಾಡುವ ದುಬಾರಿ ತಪ್ಪು. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಹೀರಿ, ಬೇಸಿಗೆಯಲ್ಲಿ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಒಳಗೆ ಸಿಕ್ಕಿಬಿದ್ದ ನೀರು ಮಣ್ಣನ್ನು ಮೆತ್ತಗೆ ಮಾಡುತ್ತದೆ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಗಿಲಾವು ಮಣ್ಣನ್ನೂ ಹಿಡಿದುಕೊಂಡು ಹಲ್ಲೆಹಲ್ಲೆಯಾಗಿ ಕಳಚುತ್ತದೆ. ಬೆರಳಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಅದು ಆಗಲೇ ಬಿಟ್ಟುಕೊಂಡಿದೆ. ಅಂಥ ಜಾಗ ಕೆದರಿ ತೆಗೆದು ಮಣ್ಣು ಅಥವಾ ಸುಣ್ಣದಲ್ಲೇ ತುಂಬಿ, ಮತ್ತೆ ಸಿಮೆಂಟ್ ಮೆತ್ತಬೇಡಿ.

ಇನ್ನು ನೀರು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಬೋರ್‌ವೆಲ್ಲಿನ ನೀರು ಸವಳು. ಅದರಲ್ಲಿ ಕಲಸಿದ ಗಾರೆಯೊಳಗೆ ಉಪ್ಪು ಉಳಿದು, ಗೋಡೆ ಒಣಗುವಾಗ ಮೇಲಕ್ಕೆ ಬಂದು ಹರಳುಗಟ್ಟುತ್ತದೆ. ಆ ಹರಳು ಬಲಿಯುತ್ತ ಗಿಲಾವನ್ನೇ ತಳ್ಳಿ ಉದುರಿಸುತ್ತದೆ. ಪರೀಕ್ಷೆ ಸುಲಭ: ಸ್ಟೀಲ್ ತಾಟಿನಲ್ಲಿ ಒಂದು ಲೋಟ ನೀರು ಹಾಕಿ ಬಿಸಿಲಿಗಿಟ್ಟು ಪೂರ್ತಿ ಆರಲು ಬಿಡಿ. ಉಳಿದ ಬಿಳಿ ಪೊರೆಯ ಮೇಲೆ ಎರಡು ಹನಿ ಸಿಹಿ ನೀರು ಬಿಟ್ಟು ಉಜ್ಜಿ. ಕರಗಿಹೋದರೆ ಅದು ಉಪ್ಪು, ಕರಗದೆ ಅಂಟಿಕೊಂಡಿದ್ದರೆ ಬರೀ ಗಡಸು ನೀರಿನ ಪೊರೆ. ಗೋಡೆ ಕೆಡಿಸುವುದು ಮೊದಲನೆಯದು. ಅಂಥ ನೀರಿದ್ದರೆ ಕಲಸುವ ಕೆಲಸಕ್ಕಾದರೂ ಮಳೆನೀರನ್ನೋ ಹೊಳೆನೀರನ್ನೋ ತರಿಸಿ. ನೀರಾವರಿಯಿಂದ ಸವಳಾದ ಹೊಲದ ಮಣ್ಣು ಪುಕ್ಕಟೆ ಸಿಕ್ಕರೂ ಬೇಡ. ಉಪ್ಪು ಆಗಲೇ ಮೇಲೆ ಬಂದಿದ್ದರೆ ಒಣ ಬ್ರಷ್‌ನಿಂದ ಉದುರಿಸಿ ಗುಡಿಸಿ ಹೊರಗೆ ಹಾಕಬೇಕು. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಈಗ ಸುಣ್ಣ. ಲೋಕಾಪುರ, ಮುಧೋಳದ ಕಡೆ ಸುಣ್ಣದ ಕಲ್ಲಿನ ನೆಲ. ಗೋಳಗುಮ್ಮಟ ನಿಂತಿರುವುದೂ ಸುಣ್ಣದ ಗಾರೆಯ ಮೇಲೆಯೇ. ಸುಟ್ಟ ಕಲ್ಲುಸುಣ್ಣ ಸಿಕ್ಕರೆ ಅದನ್ನೇ ತನ್ನಿ. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸುಣ್ಣ. ಒಂದು ಕಿಲೊ ಕಲ್ಲಿಗೆ ಮೂರು ಲೀಟರ್ ನೀರಿನ ಅಂದಾಜು. ಡ್ರಮ್ಮು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಹರಳುಗಳನ್ನು ಸ್ವಲ್ಪಸ್ವಲ್ಪವೇ ಬಿಡಬೇಕು. ಸುಣ್ಣದ ಮೇಲೆ ನೀರು ಸುರಿದರೆ ಸಿಡಿದು ಕಣ್ಣಿಗೆ ಹಾರುತ್ತದೆ. ಪ್ಲಾಸ್ಟಿಕ್ ಬಕೆಟ್ ಆ ಕಾವಿಗೆ ಕರಗುತ್ತದೆ. ಕನ್ನಡಕ, ರಬ್ಬರ್ ಕೈಗವಸು ಇಲ್ಲದೆ ಕೂರಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಿಗೆ ಬಿದ್ದರೆ ಹದಿನೈದು ಇಪ್ಪತ್ತು ನಿಮಿಷ ಬಿಡದೆ ಸಿಹಿ ನೀರಿನಲ್ಲಿ ತೊಳೆದು ನೇರ ಡಾಕ್ಟರ ಹತ್ತಿರ ಹೋಗಬೇಕು. ಕುದಿ ನಿಂತ ಮೇಲೆ ಸಣ್ಣ ಜರಡಿಯಲ್ಲಿ ಸೋಸಿ, ಮೇಲೆ ಎರಡು ಬೆರಳು ನೀರು ನಿಲ್ಲುವಂತೆ ಮುಚ್ಚಿಡಿ. ಬಳಿಯಲು ಹದಿನೈದು ದಿನ ನೆನೆದರೆ ನಡೆದೀತು, ಗಾರೆಗೆ ಮೂರು ತಿಂಗಳಾದರೆ ಚೆಂದ. ಹೊಸದಾಗಿ ನೆನೆಸಿದ್ದನ್ನೇ ಗಾರೆಗೆ ಹಾಕಿದರೆ ಕರಗದೆ ಉಳಿದ ಸಣ್ಣ ಹರಳುಗಳು ಗೋಡೆಯಲ್ಲಿ ಕೂತು, ತಿಂಗಳುಗಳ ನಂತರ ಅರಳಿ ಗುಳಿ ಬೀಳಿಸುತ್ತವೆ. ಚೀಲದಲ್ಲಿ ಬರುವ ಸುಣ್ಣದ ಪುಡಿಯಾದರೆ ಹಳೆಯದೋ ಹೊಸದೋ ನೋಡಿಕೊಳ್ಳಿ. ಒಂದು ಚಮಚ ಪುಡಿಗೆ ನಿಂಬೆ ರಸ ಹಿಂಡಿ; ಜೋರಾಗಿ ನೊರೆ ಎದ್ದರೆ ಅದು ಗಾಳಿ ಹೀರಿ ಸೀಮೆಸುಣ್ಣದಂತಾಗಿದೆ, ಗೋಡೆ ಹಿಡಿಯುವುದಿಲ್ಲ.

ಬಳಿಯುವ ತಿಳಿಗೆ ನೆನೆದ ಸುಣ್ಣ ಆರು ಕಿಲೊ, ನೀರು ಹದಿನೈದು ಲೀಟರ್. ಹತ್ತು ಅಡಿ ಚೌಕದ ಕೋಣೆಯ ನಾಲ್ಕು ಗೋಡೆಗೆ ಮೂರು ಕೈ ಬಳಿಯಲು ಇಷ್ಟು ಸಾಕು. ಜಾಲಿ ಅಂಟು 80ರಿಂದ 100 ಗ್ರಾಂ ಬಿಸಿನೀರಿನಲ್ಲಿ ಕರಗಿಸಿ ಸೋಸಿ ಬೆರೆಸಿದರೆ ಬಟ್ಟೆಗೆ ಹತ್ತುವುದು ಕಡಿಮೆಯಾಗುತ್ತದೆ. ತಿಳಿ ತೆಳ್ಳನೆಯ ಮಜ್ಜಿಗೆಯ ಹದಕ್ಕಿರಬೇಕು. ಬೇಗ ಮುಗಿಯಲಿ ಎಂದು ಗಟ್ಟಿಯಾಗಿ ಬಳಿದದ್ದೇ ಹಕ್ಕಳೆ ಏಳುವುದು. ಗೋಡೆಗೆ ನೀರು ಚಿಮುಕಿಸಿ, ಮಿರುಗು ಆರಿದ ಮೇಲೆ ಬಳಿಯಿರಿ. ಕೈಗೂ ಕೈಗೂ ನಡುವೆ ಒಂದು ಹಗಲು ಒಂದು ರಾತ್ರಿ ಬಿಡಿ. ಹಸಿ ಇದ್ದಾಗ ಏನೂ ಬಳಿಯದಂತೆ ಕಾಣುತ್ತದೆ, ಗಾಬರಿ ಬೇಡ: ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದು ದಿನದಿಂದ ದಿನಕ್ಕೆ ಬಿಳಿಯಾಗಿ ಗಟ್ಟಿಯಾಗುತ್ತದೆ. ಅದಕ್ಕೆ ತೇವ ಬೇಕು. ಆದ್ದರಿಂದ ವಿಜಯಪುರದ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಬಳಿದು, ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಬೇಕು. ಬೆಳಗಾವಿಯಲ್ಲಿ ಅಕ್ಟೋಬರ್ ನಡುವಿನಿಂದ ಡಿಸೆಂಬರ್ ತನಕ ಒಳ್ಳೆಯ ಕಾಲ. ಸುಣ್ಣದ ಕ್ಷಾರಕ್ಕೆ ಬೂಷ್ಟು ಸುಲಭವಾಗಿ ಬೆಳೆಯುವುದಿಲ್ಲ. ಖಾನಾಪುರದಂಥ ಕಡೆ ಇದೇ ದೊಡ್ಡ ಲಾಭ. ಪ್ಲಾಸ್ಟಿಕ್ ಎಮಲ್ಷನ್ ಇರುವ ಗೋಡೆಗೆ ಮಾತ್ರ ಸುಣ್ಣ ಹಿಡಿಯದು. ಪೂರ್ತಿ ಕೆರೆದು ತೆಗೆಯುವ ತಾಳ್ಮೆ ಇಲ್ಲದಿದ್ದರೆ ಅಲ್ಲಿ ಸುಣ್ಣದ ಆಸೆ ಬಿಡಿ. ಕಡಿಮೆ ವಿಒಸಿಯ (ಆವಿಯಾಗಿ ಗಾಳಿ ಸೇರುವ ರಾಸಾಯನಿಕಗಳ) ಬಣ್ಣ ತಂದು, ಬಳಿದ ಮೇಲೆ ಒಂದು ವಾರ ಕಿಟಕಿ ತೆರೆದಿಡಿ. ವಾಸನೆ ಇಲ್ಲದ್ದೆಲ್ಲ ವಿಒಸಿ ಇಲ್ಲದ್ದಲ್ಲ.

ಬಣ್ಣ ಬೇಕೆಂದರೆ ಕಾವಿ, ಹಳದಿ ಮಣ್ಣು, ಐರನ್ ಆಕ್ಸೈಡ್ ಮಾತ್ರ. ನೀರಿನಲ್ಲಿ ಒಂದು ರಾತ್ರಿ ನೆನೆಸಿ ಸೋಸಿ ಬೆರೆಸಬೇಕು, ಸುಣ್ಣದ ತೂಕದ ಹತ್ತರಲ್ಲೊಂದು ಪಾಲು ಮೀರಬಾರದು. ಹೆಚ್ಚಾದರೆ ಪುಡಿ ಉದುರುತ್ತದೆ. ಹಳದಿಗೆಂದು ಅರಿಶಿನ ಹಾಕುವವರಿದ್ದಾರೆ. ಸುಣ್ಣ ತಾಗಿದ ಅರಿಶಿನ ಏನಾಗುತ್ತದೆ ಎಂಬುದು ಓಕುಳಿ ಕಲಸಿದವರಿಗೆಲ್ಲ ಗೊತ್ತು. ಆ ಕೆಂಪೂ ಬಿಸಿಲಿಗೆ ನಿಲ್ಲುವುದಿಲ್ಲ.

ಮಣ್ಣಿನ ಗಿಲಾವಿಗೆ ಎರಿ (ಕಪ್ಪು) ಮಣ್ಣು ಬೇಡವೇ ಬೇಡ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಮಸಾರಿ (ಕೆಂಪು) ಮಣ್ಣು ತನ್ನಿ, ಅದೂ ಒಂದೂವರೆ ಅಡಿ ಕೆಳಗಿನದು. ಮೇಲ್ಮಣ್ಣಿನಲ್ಲಿ ಬೇರು, ಗೊಬ್ಬರ ಇರುತ್ತವೆ. ಗಾಜಿನ ಬಾಟಲಿಗೆ ಮೂರರಲ್ಲಿ ಒಂದು ಪಾಲು ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ನಿಮಿಷದೊಳಗೆ ತಳ ಸೇರುವುದು ಉಸುಕು, ಒಂದೆರಡು ತಾಸಿನಲ್ಲಿ ಕೂರುವುದು ನುಣ್ಣನೆಯ ಧೂಳು, ಬೆಳಗಾಗುವಾಗ ಮೇಲೆ ಕೂತದ್ದು ಜೇಡಿ. ಜೇಡಿ ಒಟ್ಟಿನ ಐದರಲ್ಲೊಂದು ಪಾಲಿನಷ್ಟಿದ್ದರೆ ಸರಿ. ಹೆಚ್ಚಿದ್ದರೆ ಉಸುಕು ಬೆರೆಸಬೇಕು. ಎಷ್ಟು ಎಂಬುದನ್ನು ಗೋಡೆಗೇ ಕೇಳಿ: ಒಂದು ಅಡಿ ಚೌಕದ ಮೂರು ತೇಪೆ ಮೆತ್ತಿ, ಒಂದಕ್ಕೆ ಮಣ್ಣಿನಷ್ಟೇ ಉಸುಕು, ಎರಡನೆಯದಕ್ಕೆ ಎರಡರಷ್ಟು, ಮೂರನೆಯದಕ್ಕೆ ಮೂರರಷ್ಟು. ಒಣಗಿದ ಮೇಲೆ ಬಿರಿದದ್ದಕ್ಕೆ ಉಸುಕು ಸಾಲದು, ಅಂಗೈಗೆ ಪುಡಿ ಹತ್ತಿದ್ದಕ್ಕೆ ಉಸುಕು ಹೆಚ್ಚು. ಸರಿಬಂದ ಮಿಶ್ರಣದ ಮೂರು ಬುಟ್ಟಿಗೆ ಒಂದು ಬುಟ್ಟಿ ಗೋಧಿ ಹೊಟ್ಟು ಸೇರಿಸಿ, ತುಳಿದು, ಐದಾರು ದಿನ ಒದ್ದೆಯಾಗಿ ಕೊಳೆಯಲು ಬಿಡಿ. ನಾರುತ್ತದೆ; ಒಣಗಿದ ಮೇಲೆ ವಾಸನೆ ಉಳಿಯುವುದಿಲ್ಲ. ಮೊದಲ ಪದರ ಅರ್ಧ ಇಂಚು. ಅದು ಪೂರ್ತಿ ಒಣಗಿದ ಮೇಲೆ ಸೋಸಿದ ಮಣ್ಣಿಗೆ ಐದರಲ್ಲೊಂದು ಪಾಲು ಹಸಿ ಹೆಂಡಿ (ಸಗಣಿ) ಬೆರೆಸಿ ತೆಳ್ಳಗೆ ಎರಡನೆಯದು. ನೆಲದಿಂದ ಒಂದೂವರೆ ಅಡಿ ಎತ್ತರದವರೆಗೆ ಮಾತ್ರ ಮಣ್ಣು ಬೇಡ. ಅಲ್ಲಿ ಕಲ್ಲಿನ ಪಟ್ಟಿ ಅಥವಾ ಸುಣ್ಣದ ಗಾರೆ ಇರಲಿ. ಗೆದ್ದಲು ಹೊಟ್ಟಿನ ಆಸೆಗೆ ಕೆಳಗಿನಿಂದಲೇ ಹತ್ತುತ್ತದೆ, ನೆಲ ಒರೆಸುವ ನೀರೂ ಅಲ್ಲಿಗೇ ಸಿಡಿಯುತ್ತದೆ.

ಹಾಗೆ ತೇವ ತಾಗುವ ಕಡೆ, ಖಾನಾಪುರ ಸೀಮೆಯ ಗೋಡೆಗಳಿಗೂ, ಸುಣ್ಣ ಒಂದು, ಇಟ್ಟಿಗೆ ಪುಡಿ ಒಂದು, ಉಸುಕು ಎರಡು ಪಾಲು ಹಾಕಿ. ಅರೆಬೆಂದ ಇಟ್ಟಿಗೆಯ ಪುಡಿಯೇ ಮೇಲು. ಕರಕಲಾಗಿ ಸುಟ್ಟದ್ದು ಸುಣ್ಣದೊಂದಿಗೆ ಕೂಡುವುದಿಲ್ಲ. ಮಹಾಲಿಂಗಪುರದ ಬೆಲ್ಲ ಕೈಗೆ ಸಿಗುತ್ತದೆ ಎಂದು ಗಾರೆಗೆ ಬೇಕಾಬಿಟ್ಟಿ ಸುರಿಯಬೇಡಿ. ಐವತ್ತು ಕಿಲೊ ಸುಣ್ಣಕ್ಕೆ ಅರ್ಧ ಕಿಲೊ ಬೆಲ್ಲದ ನೀರು ಸಾಕು, ಗಾರೆ ನುಣುಪಾಗಿ ಎಳೆಯಲು ಬರುತ್ತದೆ. ಹೆಚ್ಚಾದರೆ ಗಟ್ಟಿಯಾಗುವುದು ತಡವಾಗುತ್ತದೆ, ಇರುವೆ ಮುತ್ತುತ್ತವೆ. ಬಚ್ಚಲಿಗೆ ಮಣ್ಣಿನ ಪ್ರಯೋಗ ಬೇಡ, ಟೈಲ್ಸ್ ಹಾಕಿಸಿ.

ನೆಲಕ್ಕೆ ತಾಳಿಕೋಟೆ ಪರಸಿ ಕಲ್ಲಿಗಿಂತ ತಂಪಾದದ್ದು ನಮ್ಮ ಕಡೆ ಹುಡುಕಬೇಕಿಲ್ಲ. ಕೆಳಗೆ ಎರಿ ಮಣ್ಣಿದ್ದರೆ ಎರಡು ಅಡಿ ತೆಗೆದು ಗರಸು (ಜಲ್ಲಿಮಣ್ಣು) ತುಂಬಿ, ನಾಲ್ಕು ನಾಲ್ಕು ಇಂಚಿಗೊಮ್ಮೆ ನೀರು ಹೊಡೆದು ದಮ್ಮಸ್ಸು ಮಾಡಿಸಿ. ಇಲ್ಲದಿದ್ದರೆ ಮಳೆಗಾಲಕ್ಕೆ ನೆಲ ಎದ್ದು ಕಲ್ಲು ಸೀಳುತ್ತದೆ. ತೇವದ ಊರಲ್ಲಿ ಗರಸಿನ ಕೆಳಗೆ ನಾಲ್ಕು ಇಂಚು ದಪ್ಪ ಖಡಿ (ಜಲ್ಲಿ) ಹಾಸಿ, ನೀರು ಮೇಲಕ್ಕೆ ಹತ್ತುವುದು ಅಲ್ಲೇ ನಿಲ್ಲುತ್ತದೆ. ಕಲ್ಲಿನಡಿ ಗಾರೆ ಪೂರ್ತಿ ಹಾಸಿರಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ, ನಡುವೆ ಒಂದು ಇಟ್ಟು ಕೂರಿಸುವ ಗವಂಡಿಯ ಕೆಲಸ ಮಂಚದ ಕಾಲು ಊರಿದ ದಿನ ಗೊತ್ತಾಗುತ್ತದೆ. ಈ ಪರಸಿ ಸುಣ್ಣದ ಜಾತಿಯ ಕಲ್ಲು: ಹುಣಸೆ ಹುಳಿ, ನಿಂಬೆ, ಬಚ್ಚಲಿನ ಆ್ಯಸಿಡ್ ಬಿದ್ದರೆ ಹೊಳಪು ತಿಂದು ಬಿಳಿ ಕಲೆ ನಿಲ್ಲುತ್ತದೆ. ಅಡುಗೆ ಕಟ್ಟೆಗೆ ಅದಕ್ಕೇ ಇಳಕಲ್ ಗ್ರಾನೈಟ್ ವಾಸಿ. ಒರೆಸಲು ಬರೀ ನೀರು, ಜಿಡ್ಡಿದ್ದರೆ ಅಂಟವಾಳದ ನೀರು.

ಮರದ ಕೆಲಸದಲ್ಲಿ ಮನೆಯ ಗಾಳಿ ಕೆಡಿಸುವುದು ಮರವಲ್ಲ, ಅಂಟು. ಅಗ್ಗದ ಎಂಆರ್ (ತೇವ ತಡೆಯುವ ದರ್ಜೆಯ) ಪ್ಲೈವುಡ್, ಪಾರ್ಟಿಕಲ್ ಬೋರ್ಡ್, ಎಂಡಿಎಫ್‌ಗಳಲ್ಲಿ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ. ಸೆಕೆ ಹೆಚ್ಚಿದಷ್ಟೂ ಅದು ಗಾಳಿಗೆ ಫಾರ್ಮಾಲ್ಡಿಹೈಡ್ ಬಿಡುವುದು ಹೆಚ್ಚು. ಏಪ್ರಿಲ್‌ನಲ್ಲಿ ಮುಚ್ಚಿದ ಕೋಣೆಯ ಹೊಸ ಕಪಾಟು ತೆರೆದಾಗ ಕಣ್ಣು ಉರಿಯುವುದು ಇದರಿಂದಲೇ. ಕುದಿನೀರಿಗೂ ತಡೆಯುವ ದರ್ಜೆಯ ಬಿಡಬ್ಲ್ಯೂಆರ್, ಬಿಡಬ್ಲ್ಯೂಪಿ ಪ್ಲೈನಲ್ಲಿರುವ ಫಿನಾಲ್ ಅಂಟು ಅದನ್ನು ಬಿಡುವುದು ಕಡಿಮೆ. ಅದನ್ನು ಕಡಿಮೆ ಬಿಡುತ್ತದೆಂದು ತೋರಿಸುವ ಇ0 ಅಥವಾ ಇ1 ಗುರುತು ಕೇಳಿ. ಕಬ್ಬಿನ ಸಿಪ್ಪೆಯ ಬೋರ್ಡಿಗೂ ಇದೇ ಪ್ರಶ್ನೆ ಕೇಳಬೇಕು, ಸಿಪ್ಪೆ ಸಾವಯವವಾದರೂ ಅಂಟು ಅಲ್ಲ. ಬಡಿಗ ಕೊಯ್ದ ಅಂಚುಗಳನ್ನು ಬರಿದೇ ಬಿಡಬಾರದು: ಲೀಟರ್ ಸ್ಪಿರಿಟ್‌ಗೆ 200 ಗ್ರಾಂ ಅರಗು ಕರಗಿಸಿ ಎರಡು ಕೈ ಬಳಿಸಿ. ಹೊಸ ಕಪಾಟಿಗೆ ಬಟ್ಟೆ ತುಂಬುವ ಮೊದಲು ಎರಡು ವಾರ ಬಾಗಿಲು ತೆರೆದಿಡಿ.

ಹಳೆಯ ವಾಡೆ (ದೊಡ್ಡ ಮನೆ) ಇಳಿಸಿದಾಗ ಸಿಗುವ ಸಾಗವಾನಿ ಬಾಗಿಲು, ಕಂಬ ಇದಕ್ಕಿಂತ ಎಷ್ಟೋ ಮೇಲು. ಆದರೆ ಅದರ ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಒಣ ಸ್ಯಾಂಡ್‌ಪೇಪರ್ ಹೊಡೆದರೆ ಆ ಧೂಳು ಮಕ್ಕಳ ಹೊಟ್ಟೆಗೆ ಹೋಗುತ್ತದೆ. ನೀರು ಚಿಮುಕಿಸಿ ಕೆರೆಯಿರಿ, ಕೆಳಗೆ ತಾಡಪತ್ರಿ ಹಾಸಿ, ಹೆರೆದದ್ದನ್ನು ಕಟ್ಟಿ ಹಾಕಿ. ಒಲೆಗೆ ಹಾಕಬೇಡಿ.

ಮರಕ್ಕೆ ಹೊಳಪು ಕೊಡಲು ಅಗಸಿ ಎಣ್ಣೆ. ಗಾಣದ ಶುದ್ಧ ಎಣ್ಣೆ ತೆಳ್ಳಗೆ ಬಳಿದು, ಇಪ್ಪತ್ತು ನಿಮಿಷ ಬಿಟ್ಟು, ಮೇಲುಳಿದದ್ದನ್ನೆಲ್ಲ ಒರೆಸಿ ತೆಗೆಯಬೇಕು. ಒಣಗಲು ಮೂರರಿಂದ ಏಳು ದಿನ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹೀಗೆ ಮೂರು ಕೈ. ಒರೆಸದೆ ಬಿಟ್ಟರೆ ಸುಕ್ಕುಗಟ್ಟಿ ತಿಂಗಳುಗಟ್ಟಲೆ ಅಂಟುತ್ತದೆ. ಕುಸುಬಿ ಎಣ್ಣೆಯೂ ಆದೀತು, ಒಣಗುವುದು ನಿಧಾನ, ಹಳದಿಯಾಗುವುದು ಕಡಿಮೆ. ಶೇಂಗಾ, ಕೊಬ್ಬರಿ ಎಣ್ಣೆ ಎಂದೂ ಒಣಗುವುದಿಲ್ಲ, ಧೂಳು ಹಿಡಿದು ಕಮಟು ನಾರುತ್ತವೆ. ಕೈ ತಾಗುವ ಜಾಗಕ್ಕೆ ಅರ್ಧ ಲೀಟರ್ ಎಣ್ಣೆಗೆ 100 ಗ್ರಾಂ ಜೇನುಮೇಣ, ಬಿಸಿನೀರಿನ ಪಾತ್ರೆಯೊಳಗೆ ಪಾತ್ರೆಯಿಟ್ಟು ಕರಗಿಸಿದ್ದು. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ: ಒಣಗುವಾಗ ತಾನೇ ಕಾವು ಏರಿ ಬೆಂಕಿ ಹತ್ತಬಹುದು. ನೀರಲ್ಲಿ ಅದ್ದಿ, ಹೊರಗೆ ಬಿಡಿಸಿ ಹರವಿ ಒಣಗಿಸಿ.

ಬಟ್ಟೆಯ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಗುಳೇದಗುಡ್ಡದ ಖಣ ದಿಂಬಿಗೆ, ಹಳೆ ಸೀರೆಯ ಕೌದಿ ಹಾಸಲು, ಕುರಿ ಕಂಬಳಿ ಸದ್ದು ಗುಂಯ್‌ಗುಡುವ ಕೋಣೆಯ ಗೋಡೆಗೆ. ಕಂಬಳಿಗೆ ನುಸಿ ಬೀಳದಂತೆ ತಿಂಗಳಿಗೊಮ್ಮೆ ಬಿಸಿಲಿಗೆ ಕೊಡವಬೇಕು. ಲಾವಂಚದ ಪರದೆ ವಿಜಯಪುರದ ಒಣ ಸೆಕೆಗೆ ಬಲು ಹಿತ: ಬಿಸಿಗಾಳಿ ಬರುವ ಕಿಟಕಿಗೆ ಕಟ್ಟಿ, ಎದುರು ಗೋಡೆಯ ಕಿಟಕಿಯನ್ನೋ ಮೇಲಿನ ಬೆಳಕಿಂಡಿಯನ್ನೋ ತೆರೆದಿಟ್ಟು, ತಾಸಿಗೊಮ್ಮೆ ನೀರು ಚಿಮುಕಿಸಿ. ಗಾಳಿ ಹೊರಹೋಗದಿದ್ದರೆ ಕೋಣೆ ತಂಪಾಗುವ ಬದಲು ಬೆವರುತ್ತದೆ. ರಾತ್ರಿ ಬಿಚ್ಚಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಬೆಳಗಾವಿಯಲ್ಲಿ ಮಳೆ ಶುರುವಾದ ಮೇಲೆ ಅದನ್ನು ಮಡಚಿ ಅಟ್ಟಕ್ಕೆ ಹಾಕಿ. ತೇವದ ಗಾಳಿಯಲ್ಲಿ ಅದರಿಂದ ಏನೂ ಆಗುವುದಿಲ್ಲ.