ಪ್ರೀತಿ ಹುಟ್ಟೋಕೆ 13 ದಿನ ಸಾಲಲ್ಲ

ನಾನು ಬರೆದ ಮೊದಲ ಕಾದಂಬರಿ 1837ರ ಅಮರ ಸುಳ್ಯ ದಂಗೆಯದ್ದು, ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ರೈತರು ಎದ್ದದ್ದು. ಊರಿನ ಹಳಬರು ಅದನ್ನು ಕಲ್ಯಾಣಪ್ಪನ ಕಾಟಕಾಯಿ ಅಂತಾರೆ. ಹುಡುಗಿ ಸುಳ್ಯ ಕಡೆಯ ರೈತರ ಮನೆಯವಳು, ಅಣ್ಣ ದಂಗೆಗೆ ಹೊರಟವನು. ಹುಡುಗ ಮಡಿಕೇರಿಯವನು, ಕಂಪನಿ ಸರ್ಕಾರದ ಕಡೆ.

ಮೊದಲ ಸಲ ಇಬ್ಬರನ್ನೂ ದಂಗೆಯ ಮಧ್ಯೆಯೇ ಭೇಟಿ ಮಾಡಿಸಿದ್ದೆ. ಪಂಜಿನ ಬೆಳಕು, ಕಣ್ಣಲ್ಲಿ ಕಣ್ಣು, ಎಲ್ಲ ಇತ್ತು. ಓದಿದ ಗೆಳೆಯ ನಕ್ಕುಬಿಟ್ಟ. "ಮಾರಾಯ, ಮಂಗಳೂರು ದಂಗೆಯವರ ಕೈಲಿದ್ದದ್ದೇ 13 ದಿನ. ಲವ್ ಮಾಡೋಕೆ ಪುರುಸೊತ್ತು ಎಲ್ಲಿತ್ತು?"

ಸರಿಯೇ ಅಲ್ವಾ? ಆಮೇಲೆ 1834ಕ್ಕೆ ಹೋದೆ. ಅಲ್ಲಿವರೆಗೆ ಸುಳ್ಯ ಸೀಮೆಗೂ ಮಡಿಕೇರಿಗೂ ಒಬ್ಬನೇ ರಾಜ. ಕಂಪನಿ ಆ ಕೊಡಗಿನ ರಾಜ ಚಿಕ್ಕವೀರರಾಜೇಂದ್ರನನ್ನು ಇಳಿಸಿ, ಸುಳ್ಯವನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಹಾಗಾಗಿ ಇವರ ಪರಿಚಯ ಮೊದಲೇ ಆಗಿತ್ತು ಅಂತ ಬರೆದೆ. ಇಬ್ಬರೂ ಎಲ್ಲಿಗೂ ಹೋಗಲಿಲ್ಲ, ಗಡಿಯೇ ಮಧ್ಯೆ ಬಂದು ಕೂತಿತು.

ಜಾಸ್ತಿ ಬೆವರು ಸುರಿಸಿದ್ದು ಕಂದಾಯದ ಅಧ್ಯಾಯಕ್ಕೆ. ರಾಜನ ಕಾಲದಲ್ಲಿ ಬೆಳೆದದ್ದರಲ್ಲೇ ಕಂದಾಯ ಕೊಟ್ಟರೆ ಆಗುತ್ತಿತ್ತು, ಕಂಪನಿಗೆ ನಗದೇ ಬೇಕು. ಅಪ್ಪ ಅಂಗಳದಲ್ಲಿ ಭತ್ತ ಅಳೆದು ಸಾಹುಕಾರ ಹೇಳಿದ ರೇಟಿಗೆ ಕೊಡುತ್ತಾನೆ. ಮಗಳು ಕೆಳಗೆ ಚೆಲ್ಲಿದ ಕಾಳನ್ನು ಒಂದೊಂದೇ ಆಯುತ್ತಾ ಕೂರುತ್ತಾಳೆ. ದಂಗೆಯವರು ಬೆಳ್ಳಾರೆಯ ಖಜಾನೆಗೆ ನುಗ್ಗಿದ ಸುದ್ದಿ ಬಂದಾಗ ಅವಳು ಯಾಕೆ ಖುಷಿಪಟ್ಟಳು ಅಂತ ಮತ್ತೆ ವಿವರಿಸುವ ಕೆಲಸವೇ ಉಳಿಯಲಿಲ್ಲ.

ಹುಡುಗನನ್ನು ದ್ರೋಹಿ ಮಾಡೋದು ಸುಲಭವಿತ್ತು. ಮಾಡಲಿಲ್ಲ. ಅವನ ಮಾವ ದಿವಾನರ ಕೈಕೆಳಗೆ ಕೆಲಸಕ್ಕಿದ್ದಾನೆ, ಮನೆಯವರೆಲ್ಲ ಆ ಕಡೆ. ಅವನೂ ಹೋದ, ಅಷ್ಟೆ.

ಕೊನೆಯ ಅಧ್ಯಾಯ ನಾಲ್ಕು ಸಲ ಬರೆದೆ. ಅಕ್ಟೋಬರ್ 31ಕ್ಕೆ ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದ್ದಾರೆ. ತನ್ನ ಕಡೆ ನಿಂತವರಿಗೆ ಕಂಪನಿ ಪದಕ ಹಂಚಿದೆ, ಅದರ ಮೇಲಿನ ಬರಹ ಕನ್ನಡದಲ್ಲೇ ಇದೆ. ಅವಳಿಗೆ ಓದು ಬಾರದು. ಪದಕ ಕೈಯಲ್ಲಿ ಹಿಡಿದು "ಇದರಲ್ಲಿ ಏನು ಬರೆದಿದೆ?" ಅಂತ ಕೇಳುತ್ತಾಳೆ. ಮೊದಲ ಮೂರು ಸಲವೂ ಅವನ ಕೈಲಿ ಸುಳ್ಳು ಹೇಳಿಸಿದ್ದೆ. ನಾಲ್ಕನೇ ಸಲ ಅವನು ಅಕ್ಷರ ಬಿಡದೆ ಓದಿ ಹೇಳಿದ. ಅವಳು ಪದಕವನ್ನು ಸೆರಗಿನಿಂದ ಒರೆಸಿ, ಅವನ ಮಾವನ ಪೆಟ್ಟಿಗೆಯ ಮೇಲಿಟ್ಟು, ಕತ್ತಲಾಗೋ ಮುಂಚೆ ಘಟ್ಟ ಇಳಿಯಬೇಕು ಅಂತ ಹೊರಟಳು.