ವಾರದ ಸಂಬಳ ವಾರಕ್ಕೇ: ಕ್ವೀನ್ಸ್ ಅಂಗಡಿಯ ನನ್ನ ಅನುಭವ

ನ್ಯೂಯಾರ್ಕ್ ನಗರದ ಕ್ವೀನ್ಸ್‌ನ ನಮ್ಮ ದಿನಸಿ ಅಂಗಡಿಯಲ್ಲಿ ಹದಿನೈದು ದಿನಕ್ಕೊಮ್ಮೆ ಕೊಡುವುದು ಬಿಟ್ಟು ಇನ್ನು ವಾರವಾರ ಸಂಬಳ ಅಂದಾಗ ಪಾರ್ಟ್ನರ್, ಅಕೌಂಟೆಂಟ್ ಇಬ್ಬರೂ ಬೇಡ ಅಂದರು. ಕೈಯಲ್ಲಿ ಕಾಸೇ ನಿಲ್ಲಲ್ಲ ಅಂತ ವಾದ. ಎರಡು ವರ್ಷ ಆಗುತ್ತ ಬಂತು, ಒಂದು ವಾರವೂ ತಪ್ಪಿಲ್ಲ.

ನ್ಯೂಯಾರ್ಕ್ ಕಾರ್ಮಿಕ ಕಾನೂನಿನ 191ನೇ ಸೆಕ್ಷನ್ ಹೇಳುವುದು ಇಷ್ಟು. ಮೈಕೆಲಸದವರಿಗೆ ವಾರ ಮುಗಿದ 7 ದಿನದೊಳಗೆ ಕೂಲಿ ಸೇರಬೇಕು. ಇದು ಗೋಡೌನ್ ಹುಡುಗರಿಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ದುಡಿಯುವ ಹೊತ್ತಿನಲ್ಲಿ 25%ಗಿಂತ ಜಾಸ್ತಿ ಮೈಕೆಲಸ ಇದ್ದರೆ ಸಾಕು, ಕಾರ್ಮಿಕ ಇಲಾಖೆ ಅದೇ ಲೆಕ್ಕಕ್ಕೆ ಹಿಡಿಯುತ್ತದೆ. ನಮ್ಮ ಕ್ಯಾಷಿಯರ್‌ಗಳೂ ಅಕ್ಕಿ ಮೂಟೆ ಎತ್ತುತ್ತಾರೆ, ಅಲ್ವಾ? ಎಲ್ಲರನ್ನೂ ವಾರಕ್ಕೇ ತಂದೆ.

ಮೊದಲು ಸೋಮವಾರ ಕೊಟ್ಟು ನೋಡಿದೆ. ಕೆಟ್ಟಿತು. ನಮ್ಮ ಅರ್ಧಕ್ಕಿಂತ ಜಾಸ್ತಿ ವ್ಯಾಪಾರ ಶನಿವಾರ, ಭಾನುವಾರ. ಆ ಕಾರ್ಡ್ ದುಡ್ಡು ಬ್ಯಾಂಕಿಗೆ ಬೀಳುವಾಗ ಮಂಗಳವಾರ. ಓವರ್‌ಡ್ರಾಫ್ಟ್ ಶುಲ್ಕವೇ ಮುನ್ನೂರು ಡಾಲರ್ ಹತ್ತಿರ ಹೋಯಿತು. ಆಮೇಲೆ ಶುಕ್ರವಾರ ಚೆಕ್ ಕೊಟ್ಟೆ. ಬ್ಯಾಂಕ್ ಖಾತೆ ಇಲ್ಲದ ಹುಡುಗರು ಚೆಕ್ ಮುರಿಸಲು ಕಮಿಷನ್ ಕೊಡಬೇಕಾಯಿತು. ಅದು ನನಗೆ ಸರಿಬರಲಿಲ್ಲ. ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಖಾತೆ ತೆರೆಸಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆದು, ಎಲ್ಲರನ್ನೂ ಡೈರೆಕ್ಟ್ ಡೆಪಾಸಿಟ್‌ಗೆ, ಅಂದರೆ ಸಂಬಳ ನೇರ ಖಾತೆಗೇ ಬೀಳುವ ವ್ಯವಸ್ಥೆಗೆ ಹಾಕಿದೆ. ವಾರ ಭಾನುವಾರಕ್ಕೆ ಮುಗಿಯುತ್ತದೆ, ಸಂಬಳ ಗುರುವಾರ. ಈ ಕ್ರಮವೇ ಉಳಿಯಿತು.

ನಿಜವಾದ ಇಕ್ಕಟ್ಟು ಬದಲಾಯಿಸುವ ಮೊದಲ ಮೂರ್ನಾಲ್ಕು ವಾರ ಮಾತ್ರ. ಒಟ್ಟು ಸಂಬಳ ಅಷ್ಟೇ. ಇಷ್ಟು ದಿನ ಕೆಲಸದವರ ದುಡ್ಡಲ್ಲಿ ನಾವು ಅಂಗಡಿ ಓಡಿಸುತ್ತಿದ್ದೆವು, ಅದು ನಿಂತಿತು ಅಷ್ಟೇ. ನಮ್ಮ ವಾರದ ಸಂಬಳ ಸುಮಾರು 14 ಸಾವಿರ ಡಾಲರ್. ಅಷ್ಟನ್ನೇ ಮೊದಲು ಬೇರೆ ಖಾತೆಯಲ್ಲಿ ಇಟ್ಟೆ. ದಿನದ ಕಾರ್ಡ್ ವ್ಯಾಪಾರದಲ್ಲಿ ಒಂದು ಪಾಲು ತಾನಾಗೇ ಅಲ್ಲಿಗೆ ಹೋಗುತ್ತದೆ. ಎಷ್ಟು ಪಾಲು ಅನ್ನೋದು ನನ್ನ ಹತ್ತಿರವೇ ಇರಲಿ. ಸಂಬಳದ ಲೆಕ್ಕ ನೋಡುವ ಪೇರೋಲ್ ಕಂಪನಿ ಪ್ರತಿ ಸಲಕ್ಕೂ ಬಿಲ್ ಹಾಕುತ್ತಿತ್ತು. ತಿಂಗಳಿಗೆ ಒಂದೇ ದರ ಅನ್ನುವವರ ಕಡೆ ಹೋದೆ.

ಈ ಸೆಕ್ಷನ್ ಪ್ರಕಾರ ವಾರವಾರ ಕೂಲಿ ಕೊಡದಿದ್ದರೆ ಕೆಲಸಗಾರರೇ ಕೇಸ್ ಹಾಕಬಹುದು ಅಂತ 2019ರಲ್ಲಿ ಮ್ಯಾನ್‌ಹಟನ್ ಅಪೀಲು ಕೋರ್ಟ್ ಅಂದಿತು. 2024ರ ಜನವರಿಯಲ್ಲಿ ಕ್ವೀನ್ಸ್ ಸೇರುವ ಅಪೀಲು ಕೋರ್ಟ್ ಆಗಲ್ಲ ಅಂದಿತು. 2025ರ ಮೇನಲ್ಲಿ ಕಾನೂನೇ ಬದಲಾಗಿ, ತಿಂಗಳಿಗೆ ಎರಡು ಸಲವಾದರೂ ಕೊಡುವವರಿಗೆ ಮೊದಲ ಸಲ ತಪ್ಪಿದರೆ ತಡವಾದ ಕೂಲಿಗೆ ಬರೀ ಬಡ್ಡಿ ಅಂತಾಯಿತು. ಇನ್ನೇನು ಭಯ, ಹದಿನೈದು ದಿನಕ್ಕೇ ವಾಪಸ್ ಹೋಗು ಅಂದರು ಗೆಳೆಯರು. ನಾನು ಹೋಗಲಿಲ್ಲ. ವಾರದ ಸಂಬಳ ಶುರುವಾದ ಮೇಲೆ ಅಡ್ವಾನ್ಸ್ ಕೇಳುವುದೇ ನಿಂತಿದೆ. ಕೆಲಸ ಬಿಟ್ಟು ಹೋಗುವವರೂ ಕಡಿಮೆ.

ಮಧ್ಯದಲ್ಲಿ ಅಂದಂದಿನ ಕೂಲಿ ಅಂದೇ ಕೊಡುವ ಆ್ಯಪ್ ಒಂದನ್ನೂ ನೋಡಿದೆ. ಅದರ ಶುಲ್ಕ ಕೆಲಸದವರ ಜೇಬಿನಿಂದ ಹೋಗುತ್ತಿತ್ತು, ತೆಗೆದುಹಾಕಿದೆ. ನ್ಯೂಜೆರ್ಸಿಯಲ್ಲಿ ತಿಂಗಳಿಗೆ ಎರಡು ಸಲ ಕೊಟ್ಟರೆ ಸಾಕು. ಆದರೂ ಅಲ್ಲಿನ ಎಡಿಸನ್ ಊರಿನ ನಮ್ಮ ಇನ್ನೊಂದು ಅಂಗಡಿಯ ಅಡುಗೆಯವರಿಗೆ ವಾರವಾರ ಕೊಟ್ಟು ನೋಡುತ್ತಿದ್ದೇನೆ. ಬರುವ ಜನವರಿಯಿಂದ ಅಲ್ಲೂ ಎಲ್ಲರಿಗೂ ಗುರುವಾರವೇ.