ಶಾಸಕರ ಐದು ವರ್ಷದ ಖಾತೆ ಬರೆಯುವ ಬಗೆ

ನಿಮ್ಮ ಶಾಸಕರು ಐದು ವರ್ಷದಲ್ಲಿ ಏನು ಮಾಡಿದರು ಎಂಬುದನ್ನು ದಾಖಲೆ ನೋಡಿ ನೀವೇ ಬರೆದಿಡುವ ಲೆಕ್ಕವೇ ಈ ಖಾತೆ. ಕಲಬುರಗಿ ಜಿಲ್ಲೆಗೆ 9, ಬೀದರಿಗೆ 6, ಯಾದಗಿರಿಗೆ 4 ವಿಧಾನಸಭಾ ಕ್ಷೇತ್ರಗಳಿವೆ. ನಿಮ್ಮೂರು ಯಾವುದಕ್ಕೆ ಸೇರಿದೆ ಎಂದು ತಾಲ್ಲೂಕಿನ ಹೆಸರಿನಿಂದ ಊಹಿಸಬೇಡಿ, ಮತದಾರರ ಪಟ್ಟಿಯ ಮೊದಲ ಪುಟ ನೋಡಿ. 2008ರ ಚುನಾವಣೆ ಹೊತ್ತಿಗೆ ಕ್ಷೇತ್ರಗಳ ಗಡಿ ಮರುವಿಂಗಡಣೆಯಾಗಿ ಶಹಾಬಾದ್, ಕಮಲಾಪುರ, ಹುಲಸೂರು ಕ್ಷೇತ್ರಗಳೇ ಇಲ್ಲವಾದವು, ಗುರುಮಠಕಲ್ ಮೀಸಲಿನಿಂದ ಸಾಮಾನ್ಯಕ್ಕೆ ಬಂತು. ಅಲ್ಲಿ 1972ರಿಂದ ಸತತ 8 ಬಾರಿ ಗೆದ್ದಿದ್ದ ಮಲ್ಲಿಕಾರ್ಜುನ ಖರ್ಗೆಯವರು ಚಿತ್ತಾಪುರಕ್ಕೆ ಬಂದದ್ದು ಆಗಲೇ. ಆದ್ದರಿಂದ 2004ರ ಮತಗಳನ್ನು 2008ರ ಪಕ್ಕದಲ್ಲಿಟ್ಟು ಹೋಲಿಸಬೇಡಿ.

ಮೊದಲು ನಾಮಪತ್ರದ ಜೊತೆ ಕೊಟ್ಟ ಪ್ರಮಾಣಪತ್ರ, ಅಂದರೆ ನಮೂನೆ 26, ತೆಗೆಯಿರಿ. ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. 2018ರದ್ದನ್ನೂ 2023ರದ್ದನ್ನೂ ಅಕ್ಕಪಕ್ಕ ಇಡಿ. ಬಹಳ ಜನ ಆಸ್ತಿಯ ಒಟ್ಟು ಮೊತ್ತ ಮಾತ್ರ ನೋಡಿ ಎಡವುತ್ತಾರೆ. ಭೂಮಿ ಕೊಳ್ಳದಿದ್ದರೂ ಮಾರುಕಟ್ಟೆ ದರ ಏರಿದರೆ ಮೊತ್ತ ಏರುತ್ತದೆ. ಸರ್ವೆ ನಂಬರ್, ಎಕರೆ-ಗುಂಟೆ, ಖರೀದಿಯ ದಿನಾಂಕ ಹೋಲಿಸಿದರೆ ಹೊಸದಾಗಿ ಸೇರಿದ್ದು ಯಾವುದೆಂದು ತಿಳಿಯುತ್ತದೆ.

ಆಮೇಲೆ ಸದನದ ಪ್ರಶ್ನೆಗಳು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಿನ ಉತ್ತರ ಕೊಡಬೇಕು, ಉಪಪ್ರಶ್ನೆಗೂ ಅವಕಾಶವುಂಟು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಬರೀ ಎಣಿಸಬೇಡಿ. ತೊಗರಿ ಖರೀದಿ, ಬೆಣ್ಣೆತೊರಾ ಕಾಲುವೆ, ಶಾಲೆಯ ಖಾಲಿ ಹುದ್ದೆ ಎಂದು ವಿಷಯವಾರು ಬರೆಯಿರಿ. ಸಚಿವರು ಪ್ರಶ್ನೆ ಕೇಳುವುದಿಲ್ಲ. 2023ರಲ್ಲಿ ಚಿತ್ತಾಪುರ, ಸೇಡಂ, ಭಾಲ್ಕಿ, ಬೀದರ್, ಶಹಾಪುರದ ಶಾಸಕರು ಸಚಿವರಾದರು, ಅವರ ಪಾಲಿಗೆ ಸೊನ್ನೆ ದೋಷವಲ್ಲ. ಚಿಂಚೋಳಿಯಲ್ಲಿ 2019ರಲ್ಲಿ, ಬಸವಕಲ್ಯಾಣದಲ್ಲಿ 2021ರಲ್ಲಿ ಉಪಚುನಾವಣೆ ನಡೆಯಿತು. ಅಲ್ಲಿ ಗೆದ್ದವರಿಗೆ ಸಿಕ್ಕ ತಿಂಗಳುಗಳನ್ನೇ ಲೆಕ್ಕ ಹಿಡಿಯಿರಿ.

ಹಣದ ಭಾಗವೇ ದೊಡ್ಡದು, ಮೋಸ ಹೋಗುವುದೂ ಇಲ್ಲಿಯೇ. ಶಿಲಾಫಲಕದಲ್ಲಿ ಹೆಸರಿದ್ದ ಮಾತ್ರಕ್ಕೆ ಹಣ ಶಾಸಕರ ನಿಧಿಯದ್ದಲ್ಲ. ತಾಂಡಾದ ಒಂದೇ ಸಿಸಿ ರಸ್ತೆ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿಂದ (ವರ್ಷಕ್ಕೆ 2 ಕೋಟಿ ರೂಪಾಯಿ) ಆಗಿರಬಹುದು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಆಗಿರಬಹುದು, ನರೇಗಾದಿಂದಲೂ ಆಗಿರಬಹುದು. ಭೂಮಿಪೂಜೆ ಮಾತ್ರ ಒಬ್ಬರೇ ಮಾಡಿರುತ್ತಾರೆ. ಪ್ರತಿ ಕಾಮಗಾರಿಯ ಮುಂದೆ ಯಾವ ಯೋಜನೆಯ ಹಣ ಎಂದು ಬರೆಯದೆ ಮುಂದೆ ಹೋಗಬೇಡಿ. ಮಂಡಳಿಯ ಹಣ ತಾಲ್ಲೂಕಿನ ಹಿಂದುಳಿದಿರುವಿಕೆಯನ್ನೂ ನೋಡಿ ಹಂಚಿಕೆಯಾಗುತ್ತದೆ, ಹಾಗಾಗಿ ಆಳಂದದ ಕೋಟಿಗಳನ್ನು ಸೇಡಂನ ಕೋಟಿಗಳ ಜೊತೆ ತೂಗುವುದು ನ್ಯಾಯವಲ್ಲ.

ಶಾಸಕರ ನಿಧಿಯ ಕಡತ ಜಿಲ್ಲಾಧಿಕಾರಿ ಕಚೇರಿಯಲ್ಲಿರುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಒಂದೇ ವಿಷಯ ಇರಲಿ, 150 ಪದ ಮೀರದಿರಲಿ. ರಾಜ್ಯದ ನಿಯಮವೇ ಹಾಗಿದೆ. "ನಮ್ಮೂರಿಗೆ ಏಕೆ ಕೊಟ್ಟಿಲ್ಲ" ಎಂದು ಕೇಳಿದರೆ ಅರ್ಜಿ ತಿರುಗಿ ಬರುತ್ತದೆ. ಕಾರಣ ಬೇಡ, ಕಾಗದ ಕೇಳಿ: ಶಿಫಾರಸು ಮಾಡಿದ ಕಾಮಗಾರಿಗಳ ಪಟ್ಟಿ, ಆಡಳಿತಾತ್ಮಕ ಅನುಮೋದನೆಯ ದಿನಾಂಕ, ಬಿಡುಗಡೆಯಾದ ಹಣ, ಹಣ ಬಳಕೆ ಪ್ರಮಾಣಪತ್ರದ ನಕಲು. 30 ದಿನ ಕಾದು, ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಕಾಮಗಾರಿ ನಡೆಸಿದ ಎಂಜಿನಿಯರಿಂಗ್ ವಿಭಾಗದಿಂದ ಅಳತೆ ಪುಸ್ತಕದ (ಆದ ಕೆಲಸದ ಅಳತೆ ಬರೆದಿಡುವ ಪುಸ್ತಕ) ನಕಲನ್ನು ಬೇರೆ ಅರ್ಜಿಯಲ್ಲಿ ತರಿಸಿ. ಟೇಪು ಹಿಡಿದು ಇಬ್ಬರು ಹೋಗಿ. ಉದ್ದ, ಅಗಲ ಅಳೆದು ಪುಸ್ತಕದ ಅಳತೆಯೊಂದಿಗೆ ಹೋಲಿಸಿ. ರಸ್ತೆಯ ಅಂಚು ತೆರೆದಿರುವಲ್ಲಿ ಕಾಂಕ್ರೀಟಿನ ದಪ್ಪ ನೋಡಿ, ದಿನಾಂಕ ಕಾಣುವಂತೆ ಫೋಟೊ ತೆಗೆದು ಖಾತೆಗೆ ಅಂಟಿಸಿ.